ಅವಳಿ ಊರಿಗೆ ಹೋದ ತಪ್ಪಲೆ

ಹುಣಸೇಪುರದ ಬೋರಮ್ಮ ಮುನ್ನೂರು ವರ್ಷದ ಹಿಂದೆಯೇ ತೀರಿಕೊಂಡಳು ಎಂದು ಒಂದು ವರದಿ ಹೇಳುತ್ತದೆ. ಆ ವರದಿ ಅಚ್ಚಾಗಿ ಬಂದ ದಿನ ಬೋರಮ್ಮ ಹಿತ್ತಲಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ಸತ್ತವರು ಮಾಡುವ ಕೆಲಸವಲ್ಲ ಅದು. ಆದರೆ ಬಣ್ಣದ ರಟ್ಟು ಹಾಕಿ ಅಚ್ಚು ಮಾಡಿಸಿದ ಮೇಲೆ ಬದುಕಿದವರ ಮಾತನ್ನು ಯಾರು ಕೇಳುತ್ತಾರೆ? ಇಷ್ಟಕ್ಕೆಲ್ಲ ಕಾರಣ ಒಂದು ಹಿತ್ತಾಳೆ ತಪ್ಪಲೆ, ಮತ್ತು ಬೋರಮ್ಮನ ಹಾಳು ಮರ್ಯಾದೆ.

ತಪ್ಪಲೆಯ ಕತೆ ಮೊದಲು ಹೇಳಿಬಿಡುತ್ತೇನೆ. ಬೋರಮ್ಮನ ತವರು ಹೊನ್ನವಳ್ಳಿ. ಅವಳ ತಾಯಿ ಭೂತಮ್ಮ ಕೊಬ್ಬರಿ ವ್ಯಾಪಾರದ ಮಂಡಿಯವರ ಅಂಗಳದಲ್ಲಿ ಕೂತು, ಅಟ್ಟದಿಂದ ಇಳಿಸಿದ ಒಣ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವ ಕೆಲಸ ಮಾಡಿದವಳು. ಮಗಳ ಮದುವೆಗೆ ಚಿನ್ನ ಹಾಕುವ ಶಕ್ತಿ ಇರಲಿಲ್ಲ. ಒಂದು ಸುಗ್ಗಿಯ ಕೂಲಿಯನ್ನೆಲ್ಲ ಕೂಡಿಟ್ಟು ತಿಪಟೂರಿನಿಂದ ಒಂದು ದಪ್ಪ ಹಿತ್ತಾಳೆ ತಪ್ಪಲೆ ತಂದಳು. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಬೋರಮ್ಮ ಹೊನ್ನವಳ್ಳಿ’ ಎಂದು ಹೆಸರು ಹಾಕಿಸಿದಳು. ಮಗಳು ಯಾರ ಮನೆ ಸೊಸೆಯಾದರೂ ಪಾತ್ರೆಯ ಮೇಲೆ ತವರಿನ ಹೆಸರಿರಲಿ ಎಂಬುದು ಅವಳ ಹಟ.

ಇನ್ನು ಬೋರಮ್ಮನ ಮರ್ಯಾದೆ. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸಬಾರದು ಎನ್ನುವುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಪಕ್ಕದ ಮನೆಯವರು ಬಟ್ಟಲಲ್ಲಿ ಸಾರು ಕೊಟ್ಟರೆ ಬಟ್ಟಲು ವಾಪಸ್ಸು ಹೋಗುವಾಗ ಅದರಲ್ಲಿ ಒಂದು ಅಚ್ಚು ಬೆಲ್ಲವೋ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯೋ ಇರಬೇಕು. ಎಲ್ಲರಿಗೂ ಇದು ಪದ್ಧತಿ, ಬೋರಮ್ಮನಿಗೆ ಮಾತ್ರ ಕಾಯಿಲೆ. ಪೋಲಿಯೊ ಹನಿ ಹಾಕಲು ಬಂದ ಹುಡುಗಿ ಒಮ್ಮೆ ತನ್ನ ಐಸ್ ಡಬ್ಬಿಯನ್ನು ಇವಳ ಜಗಲಿಯಲ್ಲಿ ಮರೆತುಹೋದಳು. ಮರುದಿನ ಆ ಡಬ್ಬಿ ಅವಳ ಕೈ ಸೇರಿದಾಗ ಅದರ ತುಂಬ ಸೊಗಡು ಅವರೆಕಾಯಿ ಇತ್ತು. ಖಾಲಿ ಗ್ಯಾಸ್ ಸಿಲಿಂಡರ್ ಒಯ್ಯುವವನಿಗೂ ಅದರ ತಲೆಯ ಮೇಲೆ ಒಂದು ತೆಂಗಿನಕಾಯಿ ಇಟ್ಟೇ ಕಳಿಸುತ್ತಿದ್ದಳು. ಆ ಮನುಷ್ಯ ಹುಣಸೇಪುರದಲ್ಲಿ ಮೊದಲು ಇವಳ ಮನೆಗೇ ಬರುತ್ತಿದ್ದದ್ದು ಸುಮ್ಮನೆ ಅಲ್ಲ.

ಹೀಗಿರುವಾಗ ಊರಿಗೆ ಅವಳಿ ಪಟ್ಟಣ ಯೋಜನೆ ಬಂತು. ಎರಡು ಸಣ್ಣ ಪಟ್ಟಣಗಳನ್ನು ಜೋಡಿ ಮಾಡುವುದು, ಅವು ತಮ್ಮ ಪರಂಪರೆ ಮತ್ತು ಹಸಿರಿನ ಬಗ್ಗೆ ವಿಚಾರ ವಿನಿಮಯ ಮಾಡಿಕೊಳ್ಳುವುದು. ತಿಪಟೂರು ದಾಟಿ ತುರುವೇಕೆರೆ ಕಡೆಗಿರುವ ನಮ್ಮ ಹುಣಸೇಪುರಕ್ಕೆ, ಚಿಕ್ಕನಾಯಕನಹಳ್ಳಿ ಕಡೆಯ ದೊಡ್ಡಗೋಣಿ ಜೋಡಿಯಾಗಿ ಬಿತ್ತು. ನಡುವೆ ಒಂದು ಬಸ್ಸು ಬದಲಾಯಿಸಿದರೆ ಮುಗಿಯಿತು. ಇಲ್ಲಿಯ ಹೆಣ್ಣು ಅಲ್ಲಿಗೆ, ಅಲ್ಲಿಯ ಹೆಣ್ಣು ಇಲ್ಲಿಗೆ ಬಂದು ತಲೆಮಾರುಗಳೇ ಆಗಿವೆ. ಎರಡೂ ಕಡೆ ಒಂದು ಕೆರೆ, ಒಂದು ವೀರಭದ್ರನ ಗುಡಿ, ಸಾಲು ಸಾಲು ಕೊಬ್ಬರಿ ಅಟ್ಟ, ಅದೇ ಧೂಳು. ಆದರೂ ಯೋಜನೆ ಅಂದ ಮೇಲೆ ವಿನಿಮಯ ಆಗಲೇಬೇಕಲ್ಲ. ಅವರ ಅಟ್ಟ ನೋಡಿ ಇವರು ಬೆರಗಾದರು, ಇವರ ಅಟ್ಟ ನೋಡಿ ಅವರು ಬೆರಗಾದರು. ಎರಡೂ ಬೆರಗಿನ ಫೋಟೋ ತೆಗೆಸಿದರು.

ಹಸಿರಿನ ವಿಷಯ ಇನ್ನೂ ಚೆನ್ನಾಗಿತ್ತು. ನೆರಳು ಕೊಡುವ ಮರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎಂದು ಯೋಜನೆಯಲ್ಲಿ ಬರೆದಿತ್ತು. ತೆಂಗಿನ ನೆರಳು ನೆರಳಲ್ಲವಂತೆ. ಹಾಗಾಗಿ ತೆಂಗಿನ ತೋಟದ ನಡುವೆ ಮುಳುಗಿಹೋಗಿರುವ ಎರಡೂ ಊರುಗಳು ಮರವೇ ಇಲ್ಲದ ಊರುಗಳೆಂದು ತೀರ್ಮಾನವಾಯಿತು. ಹುಣಸೇಪುರದಲ್ಲಿ ಪಂಚಾಯಿತಿ ಕಚೇರಿ ಮುಂದೆ ಹಸಿರು ಬರಲೆಂದು ಎರಡು ತೆಂಗಿನಮರ ಕಡಿದು ಅಲ್ಲಿ ಗಿಡ ನೆಡಲು ಗುಂಡಿ ತೋಡಿದರು.

ಬೋರಮ್ಮನ ಗಂಡ ಕೆಂಚಪ್ಪ ಆ ಕಚೇರಿಯಲ್ಲಿ ಜವಾನ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಅದರ ಫೈಲು ಮುಖ್ಯಾಧಿಕಾರಿ ರುದ್ರೇಶ್ ಅವರ ಮೇಜಿನ ಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಕೆಂಚಪ್ಪನಿಗೆ ಒಂದು ದೌರ್ಬಲ್ಯ. ಸಾಹೇಬರು ಏನು ಕೇಳಿದರೂ ‘ಗೊತ್ತಿಲ್ಲ’ ಎಂದು ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಮೊದಲ ವಿನಿಮಯದ ದಿನ ಹುಣಸೇಪುರದವರು ದೊಡ್ಡಗೋಣಿಯವರಿಗೆ ಒಂದು ಹುಣಸೆ ಸಸಿ ಕೊಡುವುದೆಂದು ಗೊತ್ತಾಗಿತ್ತು. ಸಸಿ ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ. ಯೋಜನೆಯ ಪರವಾಗಿ ಬಂದಿದ್ದ ಮೋಕ್ಷಿತ್ ಎಂಬ ಹುಡುಗ, ಒಳ್ಳೆಯ ಹುಡುಗನೇ, ‘ಇದನ್ನು ಹಳೆಯ ಕಾಲದ ಪಾತ್ರೆಯಲ್ಲಿಟ್ಟು ಕೊಟ್ಟರೆ ಚೆಂದ’ ಎಂದ. ರುದ್ರೇಶ್ ಕೆಂಚಪ್ಪನ ಮುಖ ನೋಡಿದರು. ಕೆಂಚಪ್ಪ ಮನೆಗೆ ಓಡಿದ. ಬೋರಮ್ಮ ಹೊಲಕ್ಕೆ ಹೋಗಿದ್ದಳು. ತಪ್ಪಲೆ ಹೊತ್ತು ತಂದುಬಿಟ್ಟ.

ಮೋಕ್ಷಿತ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಎಷ್ಟು ಹಳೇದು ಇದು?”

“ಅಜ್ಜನ ಅಜ್ಜನ ಕಾಲದ್ದು ಸಾರ್, ಊರಿಂದು.”

“ಬೋರಮ್ಮ ಅಂದ್ರೆ ಯಾರು?”

“ಪಾಳೇಗಾರರ ಮನೆಯೋಳು ಸಾರ್.”

ಪೂರ್ತಿ ಸುಳ್ಳೆಂದು ಹೇಳಲಾಗದು. ಆ ಮನೆಯಲ್ಲಿ ನಡೆಯುತ್ತಿದ್ದದ್ದು ಬೋರಮ್ಮನ ಪಾಳೇಗಾರಿಕೆಯೇ. ಮೋಕ್ಷಿತ್ ಮಾತ್ರ ಅದನ್ನು ನಂಬಿ ಬರೆದುಕೊಂಡ. ಸಸಿ ತಪ್ಪಲೆಯಲ್ಲಿ ಕೂತು, ಚಪ್ಪಾಳೆಯ ನಡುವೆ ದೊಡ್ಡಗೋಣಿಗೆ ಹೋಯಿತು.

ಸಂಜೆ ಬೋರಮ್ಮ ಮನೆಗೆ ಬಂದು, ಅಟ್ಟಣಿಗೆಯ ಮೇಲೆ ತಪ್ಪಲೆ ಇಲ್ಲದ್ದನ್ನು ಕಂಡು, ಗಂಡನಿಗೆ ಏನು ಹೇಳಿದಳೆಂಬುದನ್ನು ಬರೆಯುವ ಹಾಗಿಲ್ಲ. “ನಮ್ಮವ್ವ ಚಿಪ್ಪು ಒಡ್ದು ಕೈಯೆಲ್ಲ ಗಾಯ ಮಾಡ್ಕಂಡು ತಂದ್ಕೊಟ್ಟಿದ್ದು ಕಣ್ರೀ ಅದು” ಎಂದು ಅತ್ತಳು. ಕೆಂಚಪ್ಪ ಆ ವಾರವೆಲ್ಲ ಊಟದ ಹೊತ್ತಿಗೆ ಮಾತ್ರ ಮನೆಯಲ್ಲಿ ಕಾಣಿಸಿಕೊಂಡ.

ಆದರೆ ದೊಡ್ಡಗೋಣಿಯವರೂ ನಮ್ಮವರೇ ತಾನೆ? ಸಸಿ ನೆಟ್ಟ ಮೇಲೆ ಅಲ್ಲಿನ ಅಧ್ಯಕ್ಷ ಸದಾಶಿವಯ್ಯನವರು, “ಇನ್ನೊಬ್ಬರ ಪಾತ್ರೆ ಇಟ್ಕೊಳ್ಳೋಕಾಗುತ್ತಾ? ಕಳಿಸಿ, ಬರಿದು ಮಾತ್ರ ಕಳಿಸಬೇಡಿ” ಎಂದರು. ಅವರ ಹೆಂಡತಿ ಗಿರಿಜಾಂಬಿಕಾ ಮನೆಯಲ್ಲೇ ಚಕ್ಕುಲಿ ಸುಟ್ಟು ತುಂಬಿಸಿದರು. ತಪ್ಪಲೆ ಹುಣಸೇಪುರಕ್ಕೆ ಬಂತು. ಚಕ್ಕುಲಿ ಕಚೇರಿಯಲ್ಲಿ ಖರ್ಚಾಯಿತು, ತಪ್ಪಲೆ ತೊಳೆಯಲು ಬೋರಮ್ಮನ ಮನೆಗೆ ಬಂತು. ಬೋರಮ್ಮ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿ ಮಡಿಲಲ್ಲಿಟ್ಟುಕೊಂಡು ಕೂತಳು.

ಆಗ ಕೆಂಚಪ್ಪ ಬಾಗಿಲಲ್ಲಿ ಬಂದು ನಿಂತ. “ಲೇ, ಸಾಹೇಬ್ರು ಹೇಳವ್ರೆ... ಸ್ಟೇಜ್ ಮೇಲೆ ಎಲ್ಲರ ಮುಂದೆ ಕೊಟ್ಟಿದ್ದು, ವಾಪಸ್ ಇಟ್ಕಂಡ್ರೆ ಊರಿನ ಮಾನ ಹೋಯ್ತದಂತೆ. ನಾಳೆ ತಿರುಗ ಕಳಿಸ್ಬೇಕು.”

“ಕಳ್ಸಾಕಿಲ್ಲ. ನನ್ ಹೆಂಡ್ತಿದು ಅಂತ ಹೇಳ್ಬುಡಿ.”

“ಸರ್ಕಾರದ ಕಾಗದದಲ್ಲಿ ಪಾಳೇಗಾರರದ್ದು ಅಂತ ಬಂದೈತೆ ಕಣೇ. ಈಗ ಸುಳ್ಳು ಅಂದ್ರೆ ನನ್ ಫೈಲ್ ಗತಿ ಏನು? ಇದೊಂದ್ ಸಲ. ಅವರು ಮತ್ತೆ ಕಳಿಸೇ ಕಳಿಸ್ತಾರೆ.”

ಬೋರಮ್ಮ ತಪ್ಪಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆಮೇಲೆ ಅವಳ ಬಾಯಿಂದ ಬಂದ ಮಾತು ಅವಳಿಗೇ ಶತ್ರುವಾಯಿತು. “ಕಳ್ಸಾದಾದ್ರೆ ಬರಿದು ಕಳಿಸ್ತೀರಾ? ಆ ಹೆಣ್ಣುಮಗಳು ಚಕ್ಕುಲಿ ಕೊಟ್ಟವಳೆ!” ಎಂದವಳೇ ಎದ್ದು ಕೊಬ್ಬರಿ ತುರಿಯಲು ಕೂತಳು. ಮರುದಿನ ತಪ್ಪಲೆ ಕೊಬ್ಬರಿ ಮಿಠಾಯಿ ತುಂಬಿಕೊಂಡು ಹೊರಟಿತು.

ಅಲ್ಲಿಗೆ ಮುಗಿಯಿತು. ಅಂದರೆ ಶುರುವಾಯಿತು. ಹುಣಸೇಪುರದವರ ಪ್ರಕಾರ ತಪ್ಪಲೆ ಉಡುಗೊರೆ, ವಾಪಸ್ಸು ಬಂದರೆ ಕಳಿಸಲೇಬೇಕು. ದೊಡ್ಡಗೋಣಿಯವರ ಪ್ರಕಾರ ಅದು ಇನ್ನೊಬ್ಬರ ಪಾತ್ರೆ, ಇಟ್ಟುಕೊಳ್ಳುವ ಹಾಗೇ ಇಲ್ಲ. ಬರಿದಾಗಿ ಕಳಿಸುವ ಧೈರ್ಯ ಎರಡೂ ಊರಿನಲ್ಲಿ ಯಾವ ಗಂಡಸಿಗೂ ಇರಲಿಲ್ಲ, ಹೆಂಗಸರಿಗಂತೂ ಕೇಳಲೇಬೇಡಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎನ್ನುತ್ತಾರೆ. ಇಲ್ಲಿ ಇಬ್ಬರೂ ಕೋಡಂಗಿಗಳೇ, ಈರಭದ್ರನಾಗಲು ಯಾರೂ ತಯಾರಿಲ್ಲ.

ನಿಪ್ಪಟ್ಟು ಬಂತು, ಕಜ್ಜಾಯ ಹೋಯಿತು. ಕೋಡುಬಳೆ ಬಂತು, ಶೇಂಗಾ ಉಂಡೆ ಹೋಯಿತು. ಕಚೇರಿಗೆ ಒಲೆ ಇಲ್ಲವಲ್ಲ, ತುಂಬುವ ಕೆಲಸವೆಲ್ಲ ಅಲ್ಲಿ ಗಿರಿಜಾಂಬಿಕಾಗೆ, ಇಲ್ಲಿ ಬೋರಮ್ಮನಿಗೆ. ತಳದಲ್ಲಿ ಉಳಿದ ಚೂರು ತಿಂದೇ, ಮುಖ ನೋಡದೆ, ಒಬ್ಬರ ಕೈರುಚಿ ಒಬ್ಬರಿಗೆ ತಿಳಿಯಿತು. “ಯಮ್ಮ ಉಪ್ಪು ಒಂದ್ ಚೂರು ಮುಂದೆ, ಆದ್ರೆ ಹದ ಚೆನ್ನಾಗ್ ಹಿಡೀತಾಳೆ” ಎಂದು ಬೋರಮ್ಮ ಒಪ್ಪಿಕೊಂಡಳು. ದೊಡ್ಡಗೋಣಿಯವರ ಹಸಿರು ಯೋಜನೆಯ ನಕ್ಷೆಯೂ ಒಮ್ಮೆ ಇದೇ ತಪ್ಪಲೆಯಲ್ಲಿ ಕೋಡುಬಳೆಯ ಅಡಿಯಲ್ಲಿ ಬಂತು. ಎಣ್ಣೆ ಕುಡಿದ ಆ ಕಾಗದದಲ್ಲಿ ಆಚೆಯ ಗೋಡೆ ಕಾಣುತ್ತಿತ್ತು, ಯೋಜನೆ ಕಾಣುತ್ತಿರಲಿಲ್ಲ. ‘ಅತ್ಯಂತ ಪಾರದರ್ಶಕ’ ಎಂದು ರುದ್ರೇಶ್ ಮೆಚ್ಚಿ ಉತ್ತರ ಬರೆಸಿದರು.

ಪ್ರತಿ ಸಲ ತಪ್ಪಲೆ ಮನೆಗೆ ಬಂದಾಗ ಈ ಸಲ ಬಿಡುವುದಿಲ್ಲ ಎಂದು ಬೋರಮ್ಮ ಆಣೆ ಇಡುತ್ತಿದ್ದಳು. ಪ್ರತಿ ಸಲವೂ ಅವಳ ಕೈಯೇ ಅದನ್ನು ತುಂಬಿ ಕಳಿಸುತ್ತಿತ್ತು. ನನಗಂತೂ ಕೇಳಿ ಸಿಟ್ಟೇ ಬರುತ್ತಿತ್ತು. ಆದರೆ ಅವಳ ಜಾಗದಲ್ಲಿ ನಾನಿದ್ದರೂ ನೀವಿದ್ದರೂ ಬರಿದು ಪಾತ್ರೆಯನ್ನು ಬಾಗಿಲು ದಾಟಿಸುತ್ತಿರಲಿಲ್ಲ.

ಅಷ್ಟರಲ್ಲಿ ಮೋಕ್ಷಿತನ ವರದಿ ಬಂತು. ಪಾಳೇಗಾರರ ಮನೆಯ ರಾಣಿ ಬೋರಮ್ಮ, ಅವಳ ದಾನ, ಅವಳ ಅಕಾಲ ಮರಣ. ಸಂದೇಹ ಬಂದಾಗಲೆಲ್ಲ ಆ ಹುಡುಗ ಕೆಂಚಪ್ಪನನ್ನು ಕೇಳಿದ್ದ, ಕೆಂಚಪ್ಪ ಒಂದಕ್ಕೂ ಗೊತ್ತಿಲ್ಲ ಎಂದಿರಲಿಲ್ಲ. ತಪ್ಪಲೆ ಆ ಹೊತ್ತಿಗೆ ದೊಡ್ಡಗೋಣಿಯಲ್ಲಿತ್ತು. ಎರಡೂ ಊರಿನ ಜಂಟಿ ಪರಂಪರೆ ಎಂದು ಅದನ್ನು ಅಲ್ಲಿನ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು. ಹುಣಸೇಪುರದ ಕಚೇರಿ ಮುಂದಿನ ಗುಂಡಿಗಳಿಗೆ ‘ರಾಣಿ ಬೋರಮ್ಮ ಉದ್ಯಾನ’ ಎಂದು ಫಲಕ ಬಂತು, ನೀರು ಚಿಮುಕಿಸುವ ಪೈಪೂ ಬಂತು. ಬದುಕಿರುವ ಬೋರಮ್ಮನ ಬೀದಿಗೆ ನಲ್ಲಿ ಬೇಕೆಂದು ಕೊಟ್ಟ ಅರ್ಜಿ ಅದೇ ಕಚೇರಿಯಲ್ಲಿ ಕೊಳೆಯುತ್ತಿತ್ತು.

ಬೋರಮ್ಮ ಗಂಡನಿಗೆ ಹೇಳದೆ ರುದ್ರೇಶ್ ಅವರ ಮುಂದೆ ಹೋಗಿ ನಿಂತಳು. “ಸ್ವಾಮಿ, ಆ ಬೋರಮ್ಮ ನಾನೇ.”

ರುದ್ರೇಶ್ ಮೆತ್ತಗೆ ನಕ್ಕರು. “ಆ ಹೆಸರಿನೋರು ತಾಲ್ಲೂಕಿನ ತುಂಬ ಇದಾರಮ್ಮ.”

“ಹೊನ್ನವಳ್ಳಿ ಅಂತಾನೂ ಐತಲ್ಲ. ನಮ್ ತವರು ಅದೇಯ.”

“ಹೌದಾ? ರಾಣಿಯವರೂ ಅದೇ ಊರಿನವರು ಅಂದ್ರೆ ನಿಮಗೆ ಹೆಮ್ಮೆ ಇರಬೇಕು. ಕೂತ್ಕೊಳ್ಳಿ, ಕಾಫಿ ಕುಡೀರಿ.”

ಕಾಫಿ ತಂದು ಮುಂದಿಟ್ಟವನು ಕೆಂಚಪ್ಪ. ಅವನು ಹೆಂಡತಿಯ ಮುಖ ನೋಡಲಿಲ್ಲ, ಬೋರಮ್ಮ ಕಾಫಿ ಮುಟ್ಟಲಿಲ್ಲ. ಅವನ ಕೆಲಸ ಹೋಗಬಾರದೆಂದು ಅವಳು ಮುಂದಿನ ಮಾತು ನುಂಗಿಕೊಂಡು ಎದ್ದು ಬಂದಳು.

ಆ ವಾರವೇ ಭೂತಮ್ಮನಿಂದ ಫೋನು. ತಿಪಟೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. “ಎಲ್ಲ ಹೊಸ್ದಂಗೆ ಕಾಣ್ತದೆ ಕಣೇ. ಮೊದ್ಲು ನಿನ್ ಮಕ ನೋಡ್ಬೇಕು, ಆಮೇಲೆ ನಾನ್ ಕೊಟ್ಟ ತಪ್ಲೆ ನೋಡ್ಬೇಕು. ಬತ್ತೀನಿ” ಎಂದಳು. ತಾಯಿ ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಮನೆಯೆಲ್ಲ ತಿರುಗಿ, ತಪ್ಪಲೆ ಎಲ್ಲಿ ಎಂದು ಕೇಳಿದಾಗ ಬೋರಮ್ಮ, “ಕಲಾಯಿಗೆ ಕೊಟ್ಟಿದೀನಿ ಅವ್ವ” ಎಂದಳು. ತಾಯಿ ಮರುದಿನವೂ ಕೇಳಿದಳು, ಅದರ ಮರುದಿನವೂ ಕೇಳಿದಳು. “ಕಲಾಯಿ ಹಾಕೋನು ತವರ ಅಗ್ದು ತರಕ್ ಹೋಗವ್ನಾ?” ಎಂದು ಭೂತಮ್ಮ ಬೈದಳು. ಮಾರಿಕೊಂಡಿದ್ದಾಳೆ ಎಂಬ ಅನುಮಾನ ಆ ಮುದುಕಿಯ ಮುಖದಲ್ಲಿ ಕಂಡಿತು. ಬೋರಮ್ಮನಿಗೆ ಸಾಯುವಷ್ಟು ಸಂಕಟವಾಯಿತು.

ಅದೇ ಹೊತ್ತಿಗೆ ದೊಡ್ಡಗೋಣಿಯಲ್ಲಿ ಅವಳಿ ಪಟ್ಟಣದ ವಾರ್ಷಿಕೋತ್ಸವ ಬಂತು. ಕಳಶ ಹಿಡಿಯಲು ಹೆಂಗಸರು ಬೇಕಾಗಿದ್ದರು, ಬೋರಮ್ಮನ ಹೆಸರೂ ಅದರಲ್ಲಿತ್ತು. ತನ್ನ ತಪ್ಪಲೆಗೆ ತಾನೇ ಕಳಶ ಹಿಡಿಯುವುದು! ಒಂದು ಸಲ ಕಣ್ಣಿಗಾದರೂ ತೋರಿಸೋಣವೆಂದು ತಾಯಿಯನ್ನು ಕರೆದುಕೊಂಡು ಹೊರಟಳು. ಸಭಾಂಗಣದ ಬಾಗಿಲಲ್ಲಿ ಸ್ವಾಗತಕ್ಕೆ ನಿಂತಿದ್ದವರು ಭೂತಮ್ಮನ ಕಪ್ಪು ಕನ್ನಡಕ ನೋಡಿ, ಯಾರೋ ದೊಡ್ಡವರಿರಬೇಕೆಂದು ಮೊದಲ ಸಾಲಿನ ಸೋಫಾದಲ್ಲಿ ಕೂರಿಸಿ ಬಾದಾಮಿ ಹಾಲು ಕೊಟ್ಟರು.

ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಹಾರ ಹಾಕಿಸಿಕೊಂಡ ತಪ್ಪಲೆ. ಭೂತಮ್ಮನ ಹೊಸ ಕಣ್ಣು ಅದನ್ನು ಹಿಡಿಯಿತು. “ಬೋರಿ, ಅದು...” ಎನ್ನುವಷ್ಟರಲ್ಲಿ ಮೋಕ್ಷಿತ್ ಓದಲು ಶುರುಮಾಡಿದ್ದ. “ತಂದೆತಾಯಿ ಇಲ್ಲದ ಅನಾಥೆಯಾಗಿ ಬೆಳೆದ ರಾಣಿ ಬೋರಮ್ಮ, ಮಕ್ಕಳಿಲ್ಲದ ಕೊರಗಿನಲ್ಲಿ ಚಿಕ್ಕ ವಯಸ್ಸಿನಲ್ಲೇ ಅಸುನೀಗುವ ಮುನ್ನ ಈ ಪಾತ್ರೆಯನ್ನು ಊರಿಗೆ...”

“ಯಾರ್ಲಾ ಅದು, ನನ್ ಮಗಳಿಗೆ ಅವ್ವ ಇಲ್ಲ ಅಂದೋನು?”

ಮೈಕು ಇಲ್ಲದೆಯೇ ಆ ದನಿ ಸಭಾಂಗಣದ ಹಿಂದಿನ ಗೋಡೆ ಮುಟ್ಟಿತು. ಭೂತಮ್ಮ ಬಾದಾಮಿ ಹಾಲಿನ ಲೋಟ ಹಿಡಿದೇ ಎದ್ದು ನಿಂತಿದ್ದಳು. ಮೋಕ್ಷಿತ್ ಗಾಬರಿಯಾಗಿ ವೇದಿಕೆ ಇಳಿದು ಬಂದ. “ಅಜ್ಜಿ, ನಿಮ್ಮ ಮಗಳು ಯಾರು?”

ಭೂತಮ್ಮ ಕಳಶ ಹಿಡಿದು ನಿಂತಿದ್ದ ಬೋರಮ್ಮನ ರಟ್ಟೆ ಹಿಡಿದು ಎಳೆದಳು. “ಇವ್ಳು. ಎರಡ್ ಮಕ್ಕಳ ತಾಯಿ. ಮುಟ್ ನೋಡು ಕಣಪ್ಪ, ಸತ್ತೋಳ ಕೈ ಹಿಂಗ್ ಬೆಚ್ಚಗಿರ್ತದಾ? ಆ ತಪ್ಲೆ ನಾನ್ ತಂದ್ಕೊಟ್ಟಿದ್ದು.”

ಮೋಕ್ಷಿತ್ ನಿಜವಾಗಿಯೂ ಮುಟ್ಟಿ ನೋಡಿದ. ಪಾಪ, ಅವನ ವರದಿಯಲ್ಲಿ ಬೆಚ್ಚಗಿದ್ದ ಭಾಗ ಅದೊಂದೇ. ಅವನು ಕೆಂಚಪ್ಪನ ಕಡೆ ತಿರುಗಿದ. ರುದ್ರೇಶ್ ಕೂಡ ತಿರುಗಿದರು. ಮೂಲೆಯಲ್ಲಿ ನೀರಿನ ಬಾಟಲು ಹಂಚುತ್ತಿದ್ದ ಕೆಂಚಪ್ಪ ಬಾಟಲು ಹಿಡಿದೇ ಮುಂದೆ ಬಂದ. “ನನ್ ಹೆಂಡ್ತಿದು ಸಾರ್ ಆ ತಪ್ಲೆ. ರಾಣಿಗೀಣಿ ನಂಗೆ ಗೊತ್ತಿಲ್ಲ ಸಾರ್” ಎಂದ. ಹುಟ್ಟಿದ ಮೇಲೆ ಸಾಹೇಬರ ಎದುರು ಅವನು ‘ಗೊತ್ತಿಲ್ಲ’ ಅಂದದ್ದು ಅದೇ ಮೊದಲು.

ಸದಾಶಿವಯ್ಯನವರು ಹಳೆಯ ಕಾಲದ ಮನುಷ್ಯ, ಎದ್ದು ಕೈಮುಗಿದರು. “ತಪ್ಪಾಯ್ತು ತಾಯಿ, ನಿಮ್ ತಪ್ಲೆ ನೀವು ತಗೊಂಡೋಗಿ. ಆದ್ರೆ ಹೆಣ್ಣುಮಗಳನ್ನ ಬರಿಗೈಲಿ ಕಳಿಸೋ ಊರಲ್ಲ ಇದು. ಲೇ, ಯಾರಲ್ಲಿ? ತುಂಬ್ಸಿ!” ಪೆಟ್ಟಿಗೆ ತೆಗೆದರು. ಹೆಂಗಸರು ಅಕ್ಕಿ, ಬೆಲ್ಲ, ಕೊಬ್ಬರಿ ಹುಡುಕಿಕೊಂಡು ಓಡಾಡತೊಡಗಿದರು. ಆಗ ರುದ್ರೇಶ್ ಮೈಕು ಹಿಡಿದು, ‘ಇವರು ತುಂಬಿ ಕೊಟ್ಟರೆ ಹುಣಸೇಪುರವೇನೂ ಹಿಂದೆ ಬೀಳುವುದಿಲ್ಲ, ಮುಂದಿನ ವಾರವೇ ತುಂಬಿ ಕಳಿಸುತ್ತೇವೆ’ ಎಂದು ಘೋಷಿಸಿಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ.

ಬೋರಮ್ಮ ಕಳಶ ಕೆಳಗಿಟ್ಟು ವೇದಿಕೆ ಹತ್ತಿ, ಎರಡೂ ಕೈಯಲ್ಲಿ ತಪ್ಪಲೆಯ ಬಾಯಿ ಮುಚ್ಚಿದಳು. “ಬ್ಯಾಡ. ಏನೂ ಹಾಕ್ಬೇಡಿ. ಬರಿದೇ ಕೊಡಿ.”

ಯಾರೋ ‘ಅಯ್ಯೋ ಶಿವನೇ’ ಎಂದರು. ಸೆರಗಿನಲ್ಲಿ ಅಕ್ಕಿ ಹಿಡಿದು ಬಂದಿದ್ದ ಗಿರಿಜಾಂಬಿಕಾ ಬೆಪ್ಪಾಗಿ ನಿಂತರು. “ಮುತ್ತೈದೆಗೆ ಬರಿದು ಪಾತ್ರೆ ಕೊಟ್ರೆ ನನಗೆ ಒಳ್ಳೇದಾಗುತ್ತೇನ್ರೀ?”

“ತುಂಬಿ ಕೊಟ್ರೆ ಇಬ್ಬರಿಗೂ ಒಳ್ಳೇದಾಗಲ್ಲ ಕಣಕ್ಕ. ನಾನ್ ಮತ್ತೆ ತುಂಬಿ ಕಳಿಸ್ತೀನಿ, ನೀವ್ ಮತ್ತೆ ಕಳಿಸ್ತೀರ. ಕೊಬ್ರಿ ತುರ್ದು ತುರ್ದು ನನ್ ರಟ್ಟೆ ಬಿದ್ದೋಗೈತೆ.”

ಗಿರಿಜಾಂಬಿಕಾ ಒಂದು ಕ್ಷಣ ಅವಳನ್ನೇ ನೋಡಿದರು. “ಮಿಠಾಯಿ ನಿಮ್ದಾ? ನಂದೂ ಅದೇ ಗತಿ ಕಣ್ರೀ. ಎಣ್ಣೆ ಬಾಂಡ್ಲಿ ಮುಂದೆ ಕೂತು ಕೂತು ಸಾಕಾಗೋಗಿದೆ” ಎಂದು ನಗುತ್ತ ಕಣ್ಣೊರೆಸಿಕೊಂಡರು. ಅಕ್ಕಿಯನ್ನು ಪಕ್ಕದವಳ ಸೆರಗಿಗೆ ಸುರಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬರಿದು ತಪ್ಪಲೆಯನ್ನು ಬೋರಮ್ಮನ ಕೈಗೆ ಇಟ್ಟರು. ಎರಡು ಊರುಗಳ ನಡುವೆ ನಡೆದ ವಿನಿಮಯದಲ್ಲಿ ವಿಚಾರ ಎಂಬುದು ಇದ್ದದ್ದು ಇದೊಂದರಲ್ಲಿ. ಫೋಟೋ ತೆಗೆಯಲು ಯಾರಿಗೂ ಹೊಳೆಯಲಿಲ್ಲ.

ತಿಪಟೂರಿನ ಬಸ್ಸಿನಲ್ಲಿ ಬೋರಮ್ಮ ಕಿಟಕಿಯ ಪಕ್ಕ ತಪ್ಪಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೆಂಚಪ್ಪ ಬೈಗುಳಕ್ಕೆ ಹೆದರಿ ಕೊನೆಯ ಸೀಟಿನಲ್ಲಿದ್ದ. ಗೆದ್ದು ಬಂದವಳ ಮುಖ ಅವಳದಾಗಿರಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ತಪ್ಪಲೆಯ ಕಂಠ ಬಳೆಗೆ ತಗುಲಿ ಸದ್ದಾಗುತ್ತಿತ್ತು, ಆ ಟೊಳ್ಳು ಸದ್ದಿಗೆ ಅವಳು ಬೆಚ್ಚುತ್ತಿದ್ದಳು. ಮಾಡಬಾರದ್ದನ್ನು ಮಾಡಿದ್ದೇನೆ, ಬರಿದು ಪಾತ್ರೆ ಬೇಡಿ ತಂದಿದ್ದೇನೆ ಎಂದು ಕೊರಗಿದಳು.

ಭೂತಮ್ಮ ಕಪ್ಪು ಕನ್ನಡಕ ಮೇಲೆತ್ತಿ ಮಗಳ ಮುಖವನ್ನು ಚೆನ್ನಾಗಿ ನೋಡಿದಳು. ಸೊಂಟದಿಂದ ಎಲೆಅಡಿಕೆಯ ಸಂಚಿ ಬಿಚ್ಚಿದಳು. ಅದರಲ್ಲಿದ್ದದ್ದು ಒಂದು ಬಾಡಿದ ಎಲೆ, ಒಂದೆರಡು ಚೂರು ಅಡಿಕೆ. ಅಷ್ಟನ್ನೂ ತಪ್ಪಲೆಯೊಳಗೆ ಹಾಕಿದಳು.

“ಅವ್ವ, ಇದಕ್ಕೆ ನಾನೇನ್ ತಿರುಗ ಕೊಡ್ಲಿ?” ಬೋರಮ್ಮನ ಬಾಯಿಂದ ಅಭ್ಯಾಸಬಲದಲ್ಲಿ ಬಂತು.

“ತವರಿಂದಕ್ಕೆ ಮುಯ್ಯಿ ಇಲ್ಲ ಕಣೇ. ಸುಮ್ನೆ ಇಟ್ಕೋ.”

ಬೋರಮ್ಮ ತಪ್ಪಲೆಯ ಮೇಲೆ ತಲೆಯಿಟ್ಟು ತಿಪಟೂರು ಬರುವವರೆಗೂ ಅತ್ತಳು.